ಔಲ್‌ಬೇರ್ ಜಗಳ, ಮುರಿದು ಬಿದ್ದ ಸೇತುವೆ: ಡಿ ಅಂಡ್ ಡಿ ಸಿನಿಮಾ ಬಗ್ಗೆ ಫ್ಯಾನ್ಸ್ ವಾದ ಮಾಡೋದು ಯಾವುದಕ್ಕೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ, ಟೇಬಲ್ ಸುತ್ತ ಕೂತು ಆಡೋ ಒಂದು ಆಟ. 2022ರ ಜುಲೈನಲ್ಲಿ ಅದರ ಮೇಲೆ ಮಾಡಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಾಂಗ್ ಥೀವ್ಸ್’ ಸಿನಿಮಾದ ಮೊದಲ ಟ್ರೇಲರ್ ಬಂತು. ಅದರಲ್ಲಿ ಒಬ್ಬಳು ಹುಡುಗಿ ಗೂಬೆ ಮುಖದ ದೊಡ್ಡ ಕರಡಿ, ಅಂದ್ರೆ ಔಲ್‌ಬೇರ್ ಆಗಿ ಬದಲಾಗಿ ಎದುರಿಗಿದ್ದವರನ್ನ ಎತ್ತಿ ಬಿಸಾಕ್ತಾಳೆ, ಕೆಲವೇ ಸೆಕೆಂಡಿನ ಶಾಟ್. ಆಟ ಗೊತ್ತಿಲ್ದೇ ಇರೋರಿಗೆ ಅದು ಒಳ್ಳೆ ಗ್ರಾಫಿಕ್ಸ್ ಅಷ್ಟೇ. ಆಟ ಆಡೋರು ಮಾತ್ರ ಅದೇ ದಿನ ಎರಡು ಪಾರ್ಟಿ ಆಗ್ಬಿಟ್ರು. ಒಂದು ಕಡೆಯವ್ರು ಡ್ರೂಯಿಡ್ (ಆ ಹುಡುಗಿ ತರದ, ಕಾಡಿನ ಶಕ್ತಿ ಇರೋ ಪಾತ್ರ) ಔಲ್‌ಬೇರ್ ಆಗೋ ಹಾಗೇ ಇಲ್ಲ ಅಂತ, ಇನ್ನೊಂದು ಕಡೆಯವ್ರು ನಮ್ಮ ಟೇಬಲ್‌ನಲ್ಲಿ ಯಾವಾಗಿಂದ್ಲೋ ಆಗ್ತಾ ಇದೆ, ಏನೀಗ ಅಂತ. ಸಿನಿಮಾ ಬಂದು ವರ್ಷಗಳಾದ್ರೂ ಈ ಮಾತು ನಿಂತಿಲ್ಲ. ಹೊರಗಿಂದ ನೋಡೋರಿಗೆ ಇದು ಕೆಲಸ ಇಲ್ದೇ ಇರೋರ ಜಗಳ ಅನ್ನಿಸ್ಬಹುದು, ಆದ್ರೆ ಈ ಜಗಳದ ಒಳಗೆ ಒಂದು ನಿಜವಾದ ಪ್ರಶ್ನೆ ಇದೆ, ಕಥೆನೇ ಇಲ್ಲದ ಒಂದು ಆಟನ ಸಿನಿಮಾ ಮಾಡ್ಬೇಕಾದ್ರೆ ಅದರಲ್ಲಿ ಯಾವುದನ್ನ ತಗೋಬೇಕು, ಯಾವುದನ್ನ ಬಿಡ್ಬೇಕು ಅಂತ.

ಮೊದಲು ಆಟ ಏನು ಅಂತ ಸ್ವಲ್ಪ ನೋಡೋಣ, ಗೊತ್ತಿರೋರು ಎರಡು ಪ್ಯಾರಾ ದಾಟಿ ಹೋಗಿ. ನಾಲ್ಕೈದು ಜನ ಒಂದು ಟೇಬಲ್ ಸುತ್ತ ಕೂತ್ಕೋತಾರೆ. ಅವರಲ್ಲಿ ಒಬ್ರು ಡಂಜನ್ ಮಾಸ್ಟರ್, ಎಲ್ರೂ ಡಿಎಂ ಅಂತಾರೆ. ಡಿಎಂ ಕೆಲಸ ಜಗತ್ತನ್ನ ನಡೆಸೋದು, ನೀವು ಗುಹೆ ಬಾಗಿಲಿಗೆ ಬಂದಿದ್ದೀರಿ, ಒಳಗಿಂದ ಸದ್ದು ಕೇಳಿಸ್ತಿದೆ, ಏನ್ ಮಾಡ್ತೀರಿ ಅಂತ ಕೇಳೋದು. ಉಳಿದವರು ಒಬ್ಬೊಬ್ರೂ ಒಂದೊಂದು ಪಾತ್ರ, ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್ ಇರತ್ತೆ, ಕತ್ತಿ ಹಿಡಿಯೋ ಫೈಟರ್, ಮಂತ್ರ ಓದಿ ಕಲಿತ ವಿಝರ್ಡ್, ಹುಟ್ಟಿನಿಂದ್ಲೇ ಮಂತ್ರಶಕ್ತಿ ಇರೋ ಸಾರ್ಸರರ್, ಹಾಡು ಸಂಗೀತದ ಬಾರ್ಡ್, ಕಾಡಿನ ಶಕ್ತಿಯ ಡ್ರೂಯಿಡ್, ಹೀಗೆ. ಆಟಗಾರ ಬಾಗಿಲು ಒಡೀತೀನಿ ಅಂದ್ರೆ ಡಿಎಂ ಮನಸ್ಸಲ್ಲೇ ಒಂದು ನಂಬರ್ ಇಟ್ಕೋತಾರೆ, 15 ಅಂತ ಇಟ್ಕೊಳ್ಳಿ. ಆಟಗಾರ 20 ಮುಖದ ಡೈಸ್ ಉರುಳಿಸ್ತಾನೆ, ಅವನ ಪಾತ್ರದ ಶಕ್ತಿಗೆ 3 ಸೇರತ್ತೆ, ಅಂದ್ರೆ ಡೈಸ್‌ನಲ್ಲಿ 12 ಅಥವಾ ಅದಕ್ಕಿಂತ ಜಾಸ್ತಿ ಬಿದ್ರೆ ಬಾಗಿಲು ಒಡೀತು. ಲೆಕ್ಕ ಹಾಕಿದ್ರೆ 45 ಪರ್ಸೆಂಟ್ ಚಾನ್ಸ್. ಬೀಳದೇ ಇದ್ರೆ ಬಾಗಿಲು ಹಾಗೇ ಇರತ್ತೆ, ಸದ್ದು ಒಳಗಿರೋರಿಗೆ ಕೇಳಿಸಿರತ್ತೆ, ಕಥೆ ಬೇರೆ ಕಡೆಗೆ ತಿರುಗತ್ತೆ. ಆ ತಿರುವನ್ನ ಯಾರೂ ಮೊದಲೇ ಬರೆದಿರಲ್ಲ, ಡಿಎಂ ಕೂಡ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಸೇರಿ ಮಾಡಿದ ಈ ಆಟನ 1974ರಲ್ಲಿ ಟಿಎಸ್‌ಆರ್ ಅನ್ನೋ ಚಿಕ್ಕ ಕಂಪನಿ ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಿಂದ ಹೊರಗೆ ತಂತು, ಮೊದಲ ಮುದ್ರಣ ಬರೀ 1000 ಪ್ರತಿ. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಅನ್ನೋ ಕಂಪನಿ ಟಿಎಸ್‌ಆರ್‌ನ ತಗೊಂಡ್ರು, 1999ರಲ್ಲಿ ಆಟಿಕೆ ಕಂಪನಿ ಹ್ಯಾಸ್‌ಬ್ರೋ ವಿಝರ್ಡ್ಸ್‌ನ ತಗೊಂಡ್ರು. ಈ ಜಗಳದಲ್ಲಿ ಎಲ್ರೂ ಮಾತಾಡೋ ರೂಲ್ಸ್ ಬಹುಪಾಲು 2014ರಲ್ಲಿ ಬಂದ ಐದನೇ ಎಡಿಷನ್‌ದು, ಸಿನಿಮಾ ಮಾಡಿದಾಗ್ಲೂ ಅದೇ ಇತ್ತು.

ಇಲ್ಲಿ ಸಿನಿಮಾ ಮಾಡೋರಿಗೆ ತೊಂದರೆ ಶುರು. ಒಂದು ಕಾದಂಬರಿ ಸಿನಿಮಾ ಆದಾಗ ಫ್ಯಾನ್ಸ್ ಕೈಯಲ್ಲಿ ಪುಸ್ತಕ ಇರತ್ತೆ, ಈ ಪಾತ್ರ ಸಾಯ್ಬೇಕಿತ್ತು, ಆ ಸೀನ್ ಕಟ್ ಮಾಡಿದ್ರು ಅಂತ ಪುಟ ತೋರಿಸಿ ಹೇಳ್ಬಹುದು. ಡಿ ಅಂಡ್ ಡಿ ಪುಸ್ತಕಗಳಲ್ಲಿ ಇರೋದು ರೂಲ್ಸ್, ಮಾನ್‌ಸ್ಟರ್‌ಗಳ ಪಟ್ಟಿ, ಸ್ಪೆಲ್ ಅಂದ್ರೆ ಮಂತ್ರಗಳ ಪಟ್ಟಿ, ಊರುಗಳ ಮ್ಯಾಪು. ವ್ಯಾಕರಣದ ಪುಸ್ತಕ ಕೈಗೆ ಕೊಟ್ಟು ಇದನ್ನ ನಾಟಕ ಮಾಡಿ ಅಂದ ಹಾಗೆ. ಹಾಗಾಗಿ ಅಡಾಪ್ಟ್ ಮಾಡ್ತೀವಿ ಅಂತ ಹೊರಟವರ ಮುಂದೆ ಮೂರು ಬೇರೆ ಬೇರೆ ವಸ್ತು ಇರತ್ತೆ. ಆಟದ ಜಗತ್ತು, ಅಂದ್ರೆ ಎಡ್ ಗ್ರೀನ್‌ವುಡ್ ಕಟ್ಟಿದ ಫರ್ಗಾಟನ್ ರೆಲ್ಮ್ಸ್ ತರದ್ದು, ಅದರ ಊರು, ದೇವರು, ಇತಿಹಾಸ ಎಲ್ಲ. ಆಮೇಲೆ ಆಟದ ರೂಲ್ಸ್. ಮೂರನೇದು ಟೇಬಲ್ ಸುತ್ತ ಆಗೋದು, ಎರಡು ಗಂಟೆ ಕೂತು ಮಾಡಿದ ಪ್ಲಾನ್ ಒಂದು ನಿಮಿಷದಲ್ಲಿ ಹಾಳಾಗೋದು, ಆಮೇಲೆ ಎಲ್ರೂ ಸೇರಿ ಏನೋ ಒಂದು ಹುಚ್ಚು ಐಡಿಯಾದಿಂದ ಬಚಾವಾಗೋದು. ಫ್ಯಾನ್ಸ್ ಸಿನಿಮಾ ಬಗ್ಗೆ ವಾದ ಮಾಡುವಾಗ ಒಬ್ರು ಮೊದಲನೇದರ ಬಗ್ಗೆ ಮಾತಾಡ್ತಿರ್ತಾರೆ, ಎದುರಿಗಿರೋರು ಎರಡನೇದರ ಬಗ್ಗೆ, ಮೂರನೆಯವ್ರು ಮೂರನೇದರ ಬಗ್ಗೆ, ಎಲ್ರೂ ಒಂದೇ ವಿಷಯ ಮಾತಾಡ್ತಿದ್ದೀವಿ ಅಂದ್ಕೊಂಡಿರ್ತಾರೆ. ಅದಕ್ಕೇ ಮುಗಿಯಲ್ಲ.

2000ದಲ್ಲಿ ಒಂದು ಡಿ ಅಂಡ್ ಡಿ ಸಿನಿಮಾ ಬಂದಿತ್ತು, ಕೋರ್ಟ್ನಿ ಸಾಲೊಮನ್ ನಿರ್ದೇಶನ, ಜೆರೆಮಿ ಐರನ್ಸ್ ವಿಲನ್. ಸುಮಾರು 4.5 ಕೋಟಿ ಡಾಲರ್ ಖರ್ಚಾಗಿ ಥಿಯೇಟರ್‌ನಿಂದ ಬಂದಿದ್ದು ಸುಮಾರು 3.4 ಕೋಟಿ. ಅದರಲ್ಲಿ ಡ್ರ್ಯಾಗನ್ ಇದ್ವು, ಡಂಜನ್ ಇತ್ತು, ಬಿಹೋಲ್ಡರ್ ಇತ್ತು. ಬಿಹೋಲ್ಡರ್ ಅಂದ್ರೆ ಆಟದಲ್ಲಿ ಎಲ್ರೂ ಹೆದರೋ ಮಾನ್‌ಸ್ಟರ್, ಗಾಳೀಲಿ ತೇಲೋ ದೊಡ್ಡ ತಲೆ, ನಡುವೆ ಒಂದು ಕಣ್ಣು, ಮೇಲೆ ಹತ್ತು ಕಣ್ಣು, ಒಂದೊಂದು ಕಣ್ಣಿಂದ ಒಂದೊಂದು ಮಂತ್ರ, ಮೇಲಾಗಿ ತನಗಿಂತ ಬುದ್ಧಿವಂತರು ಯಾರೂ ಇಲ್ಲ ಅನ್ನೋ ಜಂಬದ ಜೀವಿ. ಅಂಥದ್ದನ್ನ ಆ ಸಿನಿಮಾದಲ್ಲಿ ಕಾವಲಿಗೆ ಬಿಟ್ಟಿದ್ರು. ಫ್ಯಾನ್ಸ್ ಅದನ್ನ ಇವತ್ತಿಗೂ ಮರೆತಿಲ್ಲ, ನನ್ನ ಪ್ರಕಾರ ಅವರ ಕೋಪ ನ್ಯಾಯವಾದ್ದೇ, ಯಾಕಂದ್ರೆ ಅಲ್ಲಿ ಚಿತ್ರ ಮಾತ್ರ ತಗೊಂಡು ಆ ಜೀವಿ ಯಾಕೆ ಭಯಾನಕ ಅನ್ನೋದನ್ನ ಬಿಟ್ಟಿದ್ರು. 2005 ಮತ್ತು 2012ರಲ್ಲಿ ಇನ್ನೆರಡು ಸಣ್ಣ ಬಜೆಟ್‌ನವು ಬಂದು ಹೋದ್ವು. ಆಮೇಲೆ ಸಿನಿಮಾ ಹಕ್ಕು ಯಾರದು ಅಂತ ಹ್ಯಾಸ್‌ಬ್ರೋಗೂ ಹಳೆ ಸಿನಿಮಾಗಳ ಹಕ್ಕು ಇಟ್ಕೊಂಡಿದ್ದ ಸ್ವೀಟ್‌ಪೀ ಎಂಟರ್‌ಟೇನ್‌ಮೆಂಟ್‌ಗೂ ಕೋರ್ಟ್ ಕೇಸ್ ನಡೀತು, 2015ರಲ್ಲಿ ರಾಜಿ ಆಯ್ತು, ಕೊನೆಗೆ ಪ್ಯಾರಮೌಂಟ್ ಕೈಗೆ ಬಂತು.

ಇನ್ನು 2023ರ ಸಿನಿಮಾ. ಇಲ್ಲಿಂದ ಮುಂದೆ ಕಥೆ ಬಿಟ್ಟುಕೊಡ್ತೀನಿ, ನೋಡದೇ ಇರೋರು ನೋಡ್ಕೊಂಡು ಬನ್ನಿ.

ಜೊನಾಥನ್ ಗೋಲ್ಡ್‌ಸ್ಟೀನ್ ಮತ್ತು ಜಾನ್ ಫ್ರಾನ್ಸಿಸ್ ಡೇಲಿ ನಿರ್ದೇಶಕರು. ಕ್ರಿಸ್ ಪೈನ್ ಮಾಡಿದ ಎಡ್ಜಿನ್ ಒಬ್ಬ ಬಾರ್ಡ್, ಮಿಶೆಲ್ ರಾಡ್ರಿಗಸ್ ಮಾಡಿದ ಹೋಲ್ಗಾ ರೊಚ್ಚಿಂದ ಹೊಡೆದಾಡೋ ಬಾರ್ಬೇರಿಯನ್, ಜಸ್ಟಿಸ್ ಸ್ಮಿತ್‌ನ ಸೈಮನ್ ಅರೆಬರೆ ಮಂತ್ರ ಬರೋ ಸಾರ್ಸರರ್, ಸೋಫಿಯಾ ಲಿಲ್ಲಿಸ್‌ನ ಡೋರಿಕ್ ಆ ಔಲ್‌ಬೇರ್ ಆಗೋ ಡ್ರೂಯಿಡ್. ಎಡ್ಜಿನ್ ಮತ್ತು ಹೋಲ್ಗಾ ಕಳ್ಳತನ ಮಾಡಿ ಸಿಕ್ಕಿಹಾಕ್ಕೊಂಡು ಜೈಲಲ್ಲಿರ್ತಾರೆ, ಹೊರಗೆ ಬಂದ್ರೆ ಹಳೆ ಜೊತೆಗಾರ ಫೋರ್ಜ್ ನೆವರ್‌ವಿಂಟರ್ ಊರಿನ ದೊರೆ ಆಗಿ ಎಡ್ಜಿನ್ ಮಗಳನ್ನ ತನ್ನ ಕಡೆ ಮಾಡ್ಕೊಂಡಿದ್ದಾನೆ, ಅವನ ಹಿಂದೆ ಸೋಫಿನಾ ಅನ್ನೋ ಕೆಂಪು ಮಾಂತ್ರಿಕೆ. ಮಗಳೂ ಬೇಕು, ಸತ್ತ ಹೆಂಡತಿನ ಬದುಕಿಸೋ ಫಲಕನೂ ಬೇಕು, ಅದಕ್ಕೆ ಖಜಾನೆ ಒಡೀಬೇಕು. ಕಥೆ ಇಷ್ಟೇ, ಇದರಲ್ಲಿ ಹೊಸದೇನೂ ಇಲ್ಲ.

ಹೊಸದು ಇರೋದು ಕಥೆ ನಡೆಯೋ ರೀತೀಲಿ. ಶುರುವಿನ ಸೀನ್‌ನೇ ತಗೊಳ್ಳಿ. ಜೈಲಿನ ಕ್ಷಮಾದಾನ ಮಂಡಳಿ ಮುಂದೆ ಎಡ್ಜಿನ್ ತನ್ನ ಜೀವನದ ಕಥೆನೆಲ್ಲ ಉದ್ದಕ್ಕೆ ಹೇಳ್ತಾ ಕೂರ್ತಾನೆ, ನಮಗೆ ಇದು ಫ್ಲ್ಯಾಶ್‌ಬ್ಯಾಕ್ ತೋರಿಸೋ ನೆಪ ಅನ್ಸತ್ತೆ. ಆದ್ರೆ ಅವನು ನಿಜವಾಗಿ ಕಾಯ್ತಿರೋದು ಮಂಡಳಿಯ ಸದಸ್ಯ ಜಾರ್ನಥನ್‌ಗೆ, ರೆಕ್ಕೆ ಇರೋ ಹಕ್ಕಿಮನುಷ್ಯ ಅವನು, ಬಂದ ತಕ್ಷಣ ಅವನನ್ನ ಹಿಡ್ಕೊಂಡು ಕಿಟಕಿಯಿಂದ ಹಾರೋ ಪ್ಲಾನ್. ಹಾರ್ತಾರೆ ಕೂಡ. ಇತ್ತ ಮಂಡಳಿ ಅಷ್ಟೊತ್ತಿಗೆ ಇವರನ್ನ ಬಿಡೋಣ ಅಂತ ತೀರ್ಮಾನ ಮಾಡಿ ಆಗಿತ್ತು. ಡಿ ಅಂಡ್ ಡಿ ಆಡಿದವರಿಗೆ ಇದು ಎಷ್ಟು ಪರಿಚಯದ ವಿಷಯ ಅಂದ್ರೆ, ಡಿಎಂ ಸುಲಭದ ದಾರಿ ಇಟ್ಟಿರ್ತಾರೆ, ಆಟಗಾರರು ಅದನ್ನ ನಂಬದೇ ತಮ್ಮದೇ ಒಂದು ಭಯಂಕರ ಪ್ಲಾನ್ ಮಾಡಿ ಕಿಟಕಿ ಒಡೆದು ಹೋಗ್ತಾರೆ, ಡಿಎಂ ಸುಮ್ನೆ ನೋಡ್ತಾ ಇರ್ಬೇಕು. ಸಿನಿಮಾದಲ್ಲಿ ಡೈಸ್ ಇಲ್ಲ, ಟೇಬಲ್ ಇಲ್ಲ, ಆದ್ರೂ ಹತ್ತೇ ನಿಮಿಷಕ್ಕೆ ಆಡಿದವರು ನೆಟ್ಟಗೆ ಕೂತು ನೋಡೋಕೆ ಶುರು ಮಾಡಿದ್ದು ಇದಕ್ಕೆ.

ನನಗೆ ಈ ಸಿನಿಮಾದ ಜೀವ ಅನ್ನಿಸೋದು ಸ್ಮಶಾನದ ಸೀನ್. ಖಜಾನೆಯ ಮಂತ್ರದ ಕಾವಲು ಮುರಿಯೋಕೆ ಬೇಕಾದ ಒಂದು ಶಿರಸ್ತ್ರಾಣ ಎಲ್ಲಿದೆ ಅಂತ ತಿಳ್ಕೊಳ್ಳೋಕೆ ಹಳೆ ಯುದ್ಧದಲ್ಲಿ ಸತ್ತವರ ಹೆಣ ಅಗೆದು ಮಾತಾಡಿಸ್ತಾರೆ. ರೂಲ್ಸ್‌ನಲ್ಲಿ ಇದಕ್ಕೆ ‘ಸ್ಪೀಕ್ ವಿತ್ ಡೆಡ್’ ಅನ್ನೋ ಸ್ಪೆಲ್ ಇದೆ, ಒಂದು ಹೆಣಕ್ಕೆ ಐದೇ ಪ್ರಶ್ನೆ, ಅಷ್ಟು ಮುಗಿದ್ರೆ ಹೆಣ ಮತ್ತೆ ಹೆಣ. ಸಿನಿಮಾ ಆ ಐದನ್ನ ಹಾಗೇ ಇಟ್ಕೊಂಡಿದೆ. ಆಮೇಲೆ ಇವರು ಏನ್ ಮಾಡ್ತಾರೆ, ಕೇಳಬಾರದ್ದನ್ನೆಲ್ಲ ಕೇಳಿ ಪ್ರಶ್ನೆ ವೇಸ್ಟ್ ಮಾಡ್ತಾರೆ, ಈಗ ಕೇಳಿದ್ದೂ ಲೆಕ್ಕಕ್ಕೆ ಬಂತಾ ಅಂತ ಕೇಳಿದ್ದೂ ಲೆಕ್ಕಕ್ಕೆ ಬರತ್ತೆ, ಒಂದು ಹೆಣ ಮುಗೀತು, ಇನ್ನೊಂದು ಅಗೀತಾರೆ. ನಿಯಮ ಬಿಗಿಯಾಗಿದೆ, ಅದನ್ನ ಬಳಸೋ ಮನುಷ್ಯರು ಅವಸರದವರು, ನಗು ಆ ಎರಡರ ನಡುವಿಂದ ಹುಟ್ಟತ್ತೆ. ಆಟ ಗೊತ್ತಿಲ್ದೇ ಇರೋರೂ ಇಲ್ಲಿ ಬಿದ್ದು ಬಿದ್ದು ನಗ್ತಾರೆ, ಗೊತ್ತಿರೋರಿಗೆ ಇದು ರೂಲ್‌ಬುಕ್‌ನ ಒಂದು ಸಾಲು ಅಂತಾನೂ ಗೊತ್ತಾಗತ್ತೆ. ಪ್ರಶ್ನೆ ಮುಗಿಯದೇ ಉಳಿದ ಒಂದು ಹೆಣ ಸಿನಿಮಾ ಮುಗಿದ ಮೇಲೆ ಟೈಟಲ್ಸ್ ನಡುವೆ ಇನ್ನೂ ಕಾಯ್ತಾ ಬಿದ್ದಿರೋದನ್ನ ತೋರಿಸ್ತಾರೆ. ರೂಲ್ ನೆನಪಿಟ್ಟುಕೊಂಡು ಬರೆದವರು ಮಾತ್ರ ಅಲ್ಲಿಗೆ ತಲುಪೋಕೆ ಸಾಧ್ಯ.

ಸೇತುವೆ ಸೀನ್ ಇನ್ನೊಂದು. ರೆಜೆ ಜೀನ್ ಪೇಜ್ ಮಾಡಿದ ಜೆಂಕ್ ಅನ್ನೋ ಪ್ಯಾಲಡಿನ್, ಅಂದ್ರೆ ಧರ್ಮಕ್ಕೆ ಕಟ್ಟುಬಿದ್ದ ಯೋಧ, ಇವರನ್ನ ನೆಲದಡಿಯ ಅಂಡರ್‌ಡಾರ್ಕ್‌ಗೆ ಕರ್ಕೊಂಡು ಹೋಗ್ತಾನೆ. ಅಲ್ಲಿ ಒಂದು ಪುರಾತನ ಸೇತುವೆ, ಅದನ್ನ ದಾಟೋಕೆ ಯಾವ ಕಲ್ಲಿನ ಮೇಲೆ ಯಾವ ಲೆಕ್ಕದಲ್ಲಿ ಹೆಜ್ಜೆ ಇಡ್ಬೇಕು ಅಂತ ಅವನು ಗಂಭೀರವಾಗಿ ವಿವರಿಸ್ತಾ ಇರುವಾಗ್ಲೇ ಸೈಮನ್ ಸುಮ್ನೆ ಒಂದು ಕಾಲು ಇಡ್ತಾನೆ, ಇಡೀ ಸೇತುವೆ ಕುಸಿದು ಬೀಳತ್ತೆ. ಆಮೇಲೆ ಗೊತ್ತಾಗತ್ತೆ, ಅವರ ಹತ್ರ ಇದ್ದ ಊರುಗೋಲು ಬರೀ ಕೋಲಲ್ಲ, ಎರಡು ಜಾಗದ ನಡುವೆ ಬಾಗಿಲು ತೆರೆಯೋ ಮಂತ್ರದ ಕೋಲು ಅಂತ. ಸಿನಿಮಾ ವಿಮರ್ಶೆಯ ಕಣ್ಣಲ್ಲಿ ನೋಡಿದ್ರೆ ಇದು ಸ್ಕ್ರಿಪ್ಟ್‌ನ ದೌರ್ಬಲ್ಯ, ಬೇಕಾದಾಗ ಬೇಕಾದ ವಸ್ತು ಸಿಕ್ಕಿಬಿಡ್ತು ಅಂತ. ಆಟಗಾರರು ಇದನ್ನ ಓದೋದೇ ಬೇರೆ ತರ. ಡಿಎಂ ವಾರ ಪೂರ್ತಿ ಕೂತು ಒಂದು ಒಗಟು ರೆಡಿ ಮಾಡಿದ್ರು, ಒಬ್ಬ ಆಟಗಾರ ಕೇಳಿಸ್ಕೊಳ್ಳದೇ ಅದನ್ನ ಒಂದು ಸೆಕೆಂಡಲ್ಲಿ ಹಾಳು ಮಾಡ್ದ, ಈಗ ಆಟ ನಿಲ್ಲಬಾರದು ಅಂದ್ರೆ ಡಿಎಂ ಅಲ್ಲೇ ಏನಾದ್ರೂ ಕೊಡ್ಬೇಕು, ನಿಮ್ಮ ಕೈಯಲ್ಲಿರೋ ಕೋಲು ಇದೆಯಲ್ಲ ಅದು ಅಂತ ಶುರು ಮಾಡ್ತಾರೆ. ಆ ಕೋಲು ಆಮೇಲೆ ಇಡೀ ಕಳ್ಳತನದ ಪ್ಲಾನ್‌ಗೇ ಆಧಾರ ಆಗತ್ತೆ, ಪೇಂಟಿಂಗ್ ಮೇಲೆ ಬಾಗಿಲು ತೆರೆದು ಅದನ್ನ ಖಜಾನೆಗೆ ಕಳಿಸೋ ಐಡಿಯಾ, ಕೊನೆಗೆ ಆ ಪೇಂಟಿಂಗ್ ಮುಖ ಕೆಳಗಾಗಿ ಬಿದ್ದು ಬಾಗಿಲು ತೆರೆದ್ರೆ ಎದುರಿಗೆ ನೆಲ. ಟೇಬಲ್‌ನಲ್ಲೂ ಹೀಗೇ, ಕೊಟ್ಟ ವಸ್ತುನ ಆಟಗಾರರು ಡಿಎಂ ಕನಸಲ್ಲೂ ಅಂದ್ಕೊಳ್ಳದ ಕಡೆ ಬಳಸ್ತಾರೆ.

ಜೆಂಕ್ ಬಗ್ಗೆನೂ ಒಂದು ಮಾತು. ಎಲ್ರಿಗಿಂತ ಬಲಶಾಲಿ, ಎಲ್ಲ ಗೊತ್ತು, ಫೈಟ್ ಎಲ್ಲ ಒಬ್ಬನೇ ಮುಗಿಸ್ತಾನೆ, ಆಮೇಲೆ ನನ್ನ ಕೆಲಸ ಆಯ್ತು ಅಂತ ನೇರವಾಗಿ ನಡ್ಕೊಂಡು ಹೋಗ್ತಾನೆ, ಎಷ್ಟು ನೇರ ಅಂದ್ರೆ ಬಂಡೆ ಅಡ್ಡ ಬಂದ್ರೆ ಸುತ್ತಿ ಹೋಗದೇ ಹತ್ತಿ ಇಳೀತಾನೆ. ಫ್ಯಾನ್ಸ್ ಅವನನ್ನ ಕಂಡ ಕೂಡಲೇ ಇವನು ಡಿಎಂ ಸ್ವಂತಕ್ಕೆ ಆಡಿಸ್ತಿರೋ ಪಾತ್ರ ಅಂದ್ಬಿಟ್ರು. ನಿರ್ದೇಶಕರು ಹಾಗೆ ಯೋಚಿಸಿದ್ರೋ ಇಲ್ವೋ, ಓದು ಮಾತ್ರ ಸರಿಯಾಗಿ ಕೂರತ್ತೆ.

ಇಂಥ ಓದೇ ಈ ಸಿನಿಮಾ ಬಗ್ಗೆ ನಡೆಯೋ ಚರ್ಚೆಯ ದೊಡ್ಡ ಭಾಗ. ಇಲ್ಲಿ ಸೈಮನ್‌ಗೆ ನ್ಯಾಚುರಲ್ ಒಂದು (ಡೈಸ್‌ನ ಅತಿ ಕೆಟ್ಟ ಮುಖ) ಬಿತ್ತು, ಅಲ್ಲಿ ಹೋಲ್ಗಾಗೆ ನ್ಯಾಚುರಲ್ ಇಪ್ಪತ್ತು (ಅತಿ ಒಳ್ಳೇದು), ಇಲ್ಲಿ ಡಿಎಂ ಮನಸ್ಸು ಕರಗ್ತು ಅಂತ ಪ್ರತಿ ಸೀನ್‌ಗೂ ಡೈಸ್ ಸೇರಿಸ್ತಾ ನೋಡ್ತಾರೆ. ಯಾಕೆ ಇದು ಮುಖ್ಯ ಅಂದ್ರೆ, ಆಟದಿಂದ ಸಿನಿಮಾಗೆ ತರೋಕೇ ಆಗದ ವಸ್ತು ಒಂದಿದ್ರೆ ಅದು ಆ ಡೈಸ್. ಟೇಬಲ್‌ನಲ್ಲಿ ಸೋಲು ನಿಜವಾದ ಸೋಲು, ಯಾರೂ ಬರೆದಿದ್ದಲ್ಲ, 20 ಮುಖದಲ್ಲಿ ಒಂದು ಮುಖ ಮೇಲೆ ಬಂತು ಅಷ್ಟೇ, ಎಲ್ರೂ ಒಟ್ಟಿಗೆ ಅಯ್ಯೋ ಅಂತಾರೆ. ಸಿನಿಮಾದಲ್ಲಿ ಪ್ರತಿ ಸೋಲೂ ಬರೆದಿದ್ದು. ಹಾಗಿದ್ರೂ ಅದು ಆಕಸ್ಮಿಕ ಅನ್ನಿಸ್ಬೇಕಾದ್ರೆ ಸೋಲು ಪಾತ್ರದ ದಡ್ಡತನದಿಂದ ಬರಬಾರದು, ಒಳ್ಳೆ ಪ್ಲಾನ್‌ಗೆ ಕೆಟ್ಟ ಗಳಿಗೆ ಬಂದ ಹಾಗೆ ಬರ್ಬೇಕು. ಪೇಂಟಿಂಗ್ ಪ್ಲಾನ್ ನಿಜಕ್ಕೂ ಒಳ್ಳೆ ಪ್ಲಾನ್, ಅದು ಬೋರಲು ಬಿದ್ದಿದ್ದು ಯಾರ ತಪ್ಪೂ ಅಲ್ಲ. ಇದು ಬರೆಯೋರಿಗೆ ತುಂಬಾ ಕಷ್ಟದ ಕೆಲಸ, ಇದಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ ಅಂತ ನನ್ನ ಭಾವನೆ. ನಡುನಡುವೆ ಆಟಗಾರರನ್ನೇ ತೋರಿಸ್ಬೇಕಿತ್ತು, ಮನೇಲಿ ಕೂತು ಆಡ್ತಿರೋ ಮಕ್ಕಳಿಂದ ಶುರು ಮಾಡ್ಬೇಕಿತ್ತು ಅನ್ನೋರೂ ಇದ್ದಾರೆ. ನಾನು ಒಪ್ಪಲ್ಲ. ಹಾಗೆ ತೋರಿಸಿದ್ರೆ ನಡೀತಿರೋದೆಲ್ಲ ಸುಳ್ಳು ಅಂತ ನೋಡೋರಿಗೆ ನೆನಪು ಮಾಡ್ತಾ ಇದ್ದ ಹಾಗೆ, ಹೋಲ್ಗಾಗೆ ಏನಾದ್ರೂ ಆದ್ರೆ ಯಾರು ಅಳ್ತಾರೆ ಆಗ.

ಈಗ ರೂಲ್ಸ್ ಜಗಳಕ್ಕೆ ಬರೋಣ. ಡ್ರೂಯಿಡ್‌ಗೆ ‘ವೈಲ್ಡ್ ಶೇಪ್’ ಅನ್ನೋ ಶಕ್ತಿ ಇದೆ, ತಾನು ನೋಡಿರೋ ಪ್ರಾಣಿಯ ರೂಪ ತಗೋಬಹುದು. ಐದನೇ ಎಡಿಷನ್‌ನಲ್ಲಿ ಪ್ರತಿ ಜೀವಿಗೂ ಒಂದು ವರ್ಗ ಇದೆ. ತೋಳ, ಕರಡಿ, ಹದ್ದು ಇವೆಲ್ಲ ‘ಬೀಸ್ಟ್’, ವೈಲ್ಡ್ ಶೇಪ್ ಇವಕ್ಕೆ ಮಾತ್ರ. ಔಲ್‌ಬೇರ್ ‘ಮಾನ್‌ಸ್ಟ್ರಾಸಿಟಿ’, ಅಂದ್ರೆ ವಿಚಿತ್ರ ಜೀವಿಗಳ ವರ್ಗದ್ದು. ಅಲ್ಲಿಗೆ ಬರೆದಿರೋ ರೂಲ್ ಪ್ರಕಾರ ಆಗಲ್ಲ, ಅದರಲ್ಲಿ ಅನುಮಾನವೇ ಇಲ್ಲ. ಇನ್ನೂ ಒಂದಿದೆ, ಡೋರಿಕ್ ನೊಣ ಆಗಿ ಅರಮನೆಗೆ ನುಗ್ಗಿ ಸಿಕ್ಕಿಬಿದ್ದು ಒಂದಾದ ಮೇಲೊಂದು ರೂಪ ಬದಲಾಯಿಸ್ತಾ ಜಿಂಕೆ ಆಗಿ ತಪ್ಪಿಸ್ಕೊಳ್ಳೋ ತನಕ ಒಂದೇ ಉಸಿರಿನ ಚೇಸ್ ಇದೆ, ಕಟ್ ಇಲ್ಲದ ಒಂದೇ ಶಾಟ್ ತರ ಕಾಣತ್ತೆ. 2014ರ ರೂಲ್ ಪ್ರಕಾರ ಸಾಮಾನ್ಯ ಡ್ರೂಯಿಡ್‌ಗೆ ಎರಡೇ ಸಲ, ಆಮೇಲೆ ಸ್ವಲ್ಪ ಹೊತ್ತು ವಿಶ್ರಾಂತಿ ತಗೊಂಡ್ರೆ ಮಾತ್ರ ಮತ್ತೆ ಸಿಗತ್ತೆ.

ರೂಲ್ ಪಕ್ಷದವರು ಯಾಕೆ ಇಷ್ಟು ಹಠ ಹಿಡೀತಾರೆ ಅಂತ ಹೊರಗಿನವರಿಗೆ ಅರ್ಥ ಆಗಲ್ಲ, ಅವರನ್ನ ಸುಮ್ನೆ ಕೊಂಕು ತೆಗೆಯೋರು ಅಂತ ತಳ್ಳಿಹಾಕೋದು ಸುಲಭ. ಆದ್ರೆ ಟೇಬಲ್‌ನಲ್ಲಿ ಮಿತಿ ಅನ್ನೋದೇ ಆಟದ ಸ್ವಾರಸ್ಯ. ಎರಡೇ ಸಲ ರೂಪ ಬದಲಾಯಿಸ್ಬಹುದು ಅಂದ್ರೆ ಈಗ ಬಳಸ್ಲಾ, ಆಮೇಲೆ ದೊಡ್ಡ ಅಪಾಯಕ್ಕೆ ಇಟ್ಕೊಳ್ಲಾ ಅಂತ ಆಟಗಾರ ಯೋಚಿಸ್ಬೇಕು, ಐದೇ ಪ್ರಶ್ನೆ ಅಂದ್ರೆ ಒಂದೊಂದಕ್ಕೂ ಬೆಲೆ. ಸ್ಮಶಾನದ ಸೀನ್ ಗೆದ್ದಿದ್ದು ಮಿತಿ ಇಟ್ಕೊಂಡಿದ್ದಕ್ಕೆ. ಹಾಗಾಗಿ ಅಲ್ಲಿ ಇಟ್ಕೊಂಡ ಮಿತಿನ ಡೋರಿಕ್ ವಿಷಯದಲ್ಲಿ ಯಾಕೆ ಬಿಟ್ರು ಅಂತ ಅವರು ಕೇಳೋದರಲ್ಲಿ ಅರ್ಥ ಇದೆ.

ಇನ್ನೊಂದು ಪಕ್ಷದ ಉತ್ತರವೂ ಗಟ್ಟಿ. ಈ ಆಟದಲ್ಲಿ ಮೊದಲಿಂದ್ಲೂ ಕೊನೆ ಮಾತು ಡಿಎಂದು, ಪುಸ್ತಕದ್ದಲ್ಲ. ಪ್ರತಿ ಟೇಬಲ್‌ನಲ್ಲೂ ಯಾವುದೋ ಒಂದು ರೂಲ್ ಬದಲಾಗಿರತ್ತೆ, ಅದಕ್ಕೆ ಹೋಮ್‌ಬ್ರೂ ಅಂತಾರೆ. ಮಜಾ ಬರೋ ಹಾಗಿದ್ರೆ ಬಿಟ್ಬಿಡು ಅನ್ನೋ ಸಂಪ್ರದಾಯನೂ ಹಳೇದೇ. ಔಲ್‌ಬೇರ್ ಹುಟ್ಟಿದ್ದನ್ನೇ ನೋಡಿ, ಆಟದ ಶುರುವಿನ ದಿನಗಳಲ್ಲಿ ಗೈಗ್ಯಾಕ್ಸ್ ಅಗ್ಗದ ಪ್ಲಾಸ್ಟಿಕ್ ಆಟಿಕೆ ಪ್ಯಾಕೆಟ್ ತಂದಿದ್ರು, ಅದರಲ್ಲಿದ್ದ ಯಾವ ಪ್ರಾಣಿ ಅಂತಾನೇ ತಿಳಿಯದ ವಿಚಿತ್ರ ಗೊಂಬೆಗಳನ್ನ ಟೇಬಲ್ ಮೇಲೆ ಮಾನ್‌ಸ್ಟರ್ ಅಂತ ಇಟ್ರು, ಔಲ್‌ಬೇರ್, ರಸ್ಟ್ ಮಾನ್‌ಸ್ಟರ್, ಬುಲೆಟ್ಟೆ ಎಲ್ಲ ಹಾಗೆ ಬಂದಿದ್ದು. ಗೊಂಬೆ ಚೆನ್ನಾಗಿದೆ ಅಂತ ಸೇರಿಸಿದ ಜೀವಿಗೆ ವರ್ಗದ ಹಣೆಪಟ್ಟಿ ಬಂದಿದ್ದು ಎಷ್ಟೋ ಆಮೇಲೆ. 2023ರ ಆಗಸ್ಟ್‌ನಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ವಿಡಿಯೋ ಗೇಮ್‌ನಲ್ಲಂತೂ ಡ್ರೂಯಿಡ್ ಔಲ್‌ಬೇರ್ ಆಗ್ಬಹುದು, ಅಲ್ಲಿ ಕೋಟಿಗಟ್ಟಲೆ ರೂಲ್ಸ್ ಲೆಕ್ಕ ಕಂಪ್ಯೂಟರ್ ಮಾಡಿದ್ರೂ ಈ ಒಂದು ಆಸೆಗೆ ಜಾಗ ಕೊಟ್ರು. ನನ್ನ ತೀರ್ಪು ಕೇಳಿದ್ರೆ, ಔಲ್‌ಬೇರ್ ಇರ್ಲಿ, ಚೇಸ್ ಕೂಡ ಇರ್ಲಿ, ಆದ್ರೆ ಚೇಸ್‌ನ ಕೊನೇಲಿ ಅವಳಿಗೆ ಶಕ್ತಿ ಮುಗಿದು ಮನುಷ್ಯ ರೂಪಕ್ಕೆ ಬೀಳೋ ಒಂದು ಕ್ಷಣ ಇಟ್ಟಿದ್ರೆ ಎರಡೂ ಕಡೆಯವ್ರಿಗೆ ಸಮಾಧಾನ ಆಗ್ತಿತ್ತು, ಸೀನ್ ಇನ್ನೂ ಬಿಗಿಯಾಗ್ತಿತ್ತು.

ಬಾರ್ಡ್ ವಿಷಯದಲ್ಲಿ ನಾನು ಪೂರ್ತಿ ರೂಲ್ ಪಕ್ಷ. ಐದನೇ ಎಡಿಷನ್‌ನಲ್ಲಿ ಬಾರ್ಡ್ ಮೊದಲ ಲೆವೆಲ್‌ನಿಂದ್ಲೇ ಮಂತ್ರ ಹಾಕ್ತಾನೆ, ಹಾಡೇ ಅವನ ಮಂತ್ರ. ಎಡ್ಜಿನ್ ಇಡೀ ಸಿನಿಮಾದಲ್ಲಿ ಒಂದೇ ಒಂದು ಸ್ಪೆಲ್ ಹಾಕಲ್ಲ, ಲೂಟ್ ಅನ್ನೋ ತಂತಿ ವಾದ್ಯ ಬಾರಿಸ್ತಾನೆ, ಅದರಿಂದ ಜನರ ತಲೆಗೆ ಹೊಡೀತಾನೆ. ಅವನ ಮಾತೇ ಮಂತ್ರ, ಸೋತು ಕೂತ ಸೈಮನ್‌ಗೆ ಧೈರ್ಯ ತುಂಬ್ತಾನಲ್ಲ ಅದೇ ‘ಬಾರ್ಡಿಕ್ ಇನ್‌ಸ್ಪಿರೇಷನ್’ ಅಂತ ಹೇಳೋರಿದ್ದಾರೆ, ಒಳ್ಳೆ ಸಮರ್ಥನೆ, ಆದ್ರೆ ಸಾಕಾಗಲ್ಲ. ಮಂತ್ರ ಇಲ್ಲದ ಮಾತುಗಾರ ಕಳ್ಳ ಬೇರೆ ಎಷ್ಟೋ ಸಿನಿಮಾದಲ್ಲಿ ಇದ್ದಾನೆ, ಹಾಡಿ ಮಂತ್ರ ಹಾಕೋ ನಾಯಕ ಡಿ ಅಂಡ್ ಡಿಯಲ್ಲಿ ಮಾತ್ರ ಸಿಗೋದು. ಅದನ್ನ ತೆರೆ ಮೇಲೆ ನೋಡೋ ಅವಕಾಶ ಹೋಯ್ತು.

ಇದಕ್ಕೆ ಉಲ್ಟಾ ಒಂದು ಉದಾಹರಣೆ ಸೈಮನ್‌ನ ಶಿರಸ್ತ್ರಾಣ. ಆಟದಲ್ಲಿ ಕೆಲವು ಮಂತ್ರದ ವಸ್ತು ಬಳಸೋ ಮುಂಚೆ ಅದರ ಜೊತೆ ‘ಅಟ್ಯೂನ್’ ಆಗ್ಬೇಕು, ರೂಲ್ ಪ್ರಕಾರ ಒಂದು ಗಂಟೆ ವಸ್ತು ಹಿಡ್ಕೊಂಡು ಕೂತ್ರೆ ಆಯ್ತು, ಟೇಬಲ್‌ನಲ್ಲಿ ಡಿಎಂ ಸರಿ ಒಂದು ಗಂಟೆ ಆಯ್ತು ಅಂತಾರೆ, ಮುಗೀತು. ಬೇಜಾರಿನ ರೂಲ್. ಸಿನಿಮಾ ಅದನ್ನ ತಗೊಂಡು ಸೈಮನ್ ತನ್ನ ಮೇಲೆ ತನಗಿರೋ ಅಪನಂಬಿಕೆ ಜೊತೆ ಗುದ್ದಾಡೋ ಜಾಗ ಮಾಡ್ತು, ಶಿರಸ್ತ್ರಾಣ ಹಾಕ್ಕೊಂಡಾಗೆಲ್ಲ ಒಳಗೆ ಯಾರೋ ನಿನ್ನ ಕೈಲಾಗಲ್ಲ ಅಂತ ಬಡಿದು ಎಸೀತಾರೆ. ರೂಲ್ ಮುರೀಲಿಲ್ಲ, ಅಳಿಸ್ಲಿಲ್ಲ, ಅದರೊಳಗೆ ಒಂದು ಮನುಷ್ಯನ ಕಥೆ ಇಟ್ರು. ರೂಲ್‌ಬುಕ್‌ನ ಅಡಾಪ್ಟ್ ಮಾಡೋದು ಅಂದ್ರೆ ಇದೇ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಜಗತ್ತಿನ ವಿಷಯದಲ್ಲಿ ಜಗಳ ಕಮ್ಮಿ, ಯಾಕಂದ್ರೆ ಅಲ್ಲಿ ಕೆಲಸ ಚೆನ್ನಾಗಿ ಆಗಿದೆ. ಥೆಂಬರ್‌ಚಾಡ್ ಅನ್ನೋ ದಪ್ಪ ಡ್ರ್ಯಾಗನ್ ತಮಾಷೆಗೆ ಹುಟ್ಟಿಸಿದ್ದು ಅಂತ ಸುಮಾರು ಜನ ಅಂದ್ಕೊಂಡ್ರು, ಅದು 2015ರ ಅಡ್ವೆಂಚರ್ ಪುಸ್ತಕದಲ್ಲೇ ಇದೆ, ನೆಲದಡಿಯ ಕುಬ್ಜರು ತಮ್ಮ ಕುಲುಮೆ ಉರಿಸೋಕೆ ಅದನ್ನ ಸಾಕಿ ತಿನ್ನಿಸಿ ತಿನ್ನಿಸಿ ಹಾಗಾಗಿದೆ. ಸಿನಿಮಾದಲ್ಲಿ ಬರೋ ಜಟಿಲಬಂಧದ (ದಾರಿ ತಪ್ಪಿಸೋ ಗೋಡೆಗಳ) ಆಟದಲ್ಲಿ ಇನ್ನೊಂದು ತಂಡವಾಗಿ 1983ರ ಡಿ ಅಂಡ್ ಡಿ ಕಾರ್ಟೂನ್ ಸರಣಿಯ ಪಾತ್ರಗಳೂ ಬಂದು ಹೋಗ್ತಾರೆ, ಗುರುತು ಸಿಕ್ಕವರಿಗೆ ಖುಷಿ, ಸಿಗದವರಿಗೆ ನಷ್ಟ ಇಲ್ಲ.

ಸಿನಿಮಾಗೆ ಹೊರಗಿನ ಒಂದು ಜಗಳನೂ ಇದರ ಮೇಲೆ ಬಿತ್ತು. 2000ದಿಂದ ಡಿ ಅಂಡ್ ಡಿ ರೂಲ್ಸ್‌ನ ಒಂದು ಭಾಗನ ಓಪನ್ ಗೇಮ್ ಲೈಸೆನ್ಸ್ ಅಡಿ ಯಾರು ಬೇಕಾದ್ರೂ ಬಳಸಿ ತಮ್ಮ ಪುಸ್ತಕ, ಆಟ ಮಾಡ್ಬಹುದಿತ್ತು, ಎಷ್ಟೋ ಸಣ್ಣ ಪ್ರಕಾಶಕರ ಜೀವನ ಅದರ ಮೇಲಿತ್ತು. 2023ರ ಜನವರಿಯಲ್ಲಿ ವಿಝರ್ಡ್ಸ್ ಅದನ್ನ ಬದಲಾಯಿಸೋಕೆ ಹೊರಟಿದ್ದ ಕರಡು ಲೀಕ್ ಆಯ್ತು, ಹಳೆ ಲೈಸೆನ್ಸ್ ರದ್ದು ಮಾಡಿ ದೊಡ್ಡ ಆದಾಯ ಇರೋರಿಂದ ರಾಯಲ್ಟಿ ಕೇಳೋ ಹಾಗಿತ್ತು. ಫ್ಯಾನ್ಸ್ ಸಿಡಿದೆದ್ರು, ಕಂಪನಿಯ ಆನ್‌ಲೈನ್ ಸಬ್‌ಸ್ಕ್ರಿಪ್ಶನ್ ಕ್ಯಾನ್ಸಲ್ ಮಾಡಿದ್ರು, ಸಿನಿಮಾನೂ ನೋಡ್ಬೇಡಿ ಅನ್ನೋ ಕರೆ ಬಂತು. ಜನವರಿ 27ಕ್ಕೆ ಕಂಪನಿ ಪೂರ್ತಿ ಹಿಂದೆ ಸರೀತು, ಹಳೆ ಲೈಸೆನ್ಸ್ ಹಾಗೇ ಉಳೀತು, ಮೇಲಿಂದ ಮೂಲ ರೂಲ್ಸ್‌ನ ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಲೈಸೆನ್ಸ್ ಅಡಿ ಬಿಟ್ರು. ಅಮೆರಿಕದಲ್ಲಿ ಸಿನಿಮಾ ಬಂದಿದ್ದು ಮಾರ್ಚ್ 31ಕ್ಕೆ, ಅಂದ್ರೆ ಗಾಯ ಇನ್ನೂ ಹಸಿ. ಆಟನ ಪ್ರೀತಿಸೋದು ಬೇರೆ, ಆಟದ ಮಾಲೀಕರನ್ನ ನಂಬೋದು ಬೇರೆ ಅಂತ ಆ ಎರಡು ತಿಂಗಳಲ್ಲಿ ತುಂಬಾ ಜನಕ್ಕೆ ಸ್ಪಷ್ಟ ಆಯ್ತು, ಸಿನಿಮಾ ಚರ್ಚೆಯಲ್ಲಿ ಇವತ್ತಿಗೂ ಆ ಕಹಿ ಇಣುಕತ್ತೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಬಜೆಟ್ ಸುಮಾರು 15 ಕೋಟಿ ಡಾಲರ್, ಪ್ರಪಂಚದಾದ್ಯಂತ ಕಲೆಕ್ಷನ್ ಸುಮಾರು 20.8 ಕೋಟಿ. ಕೇಳೋಕೆ ಲಾಭ ಅನ್ಸತ್ತೆ, ಆದ್ರೆ ಟಿಕೆಟ್ ದುಡ್ಡಲ್ಲಿ ದೊಡ್ಡ ಪಾಲು ಥಿಯೇಟರ್‌ನವರಿಗೆ ಹೋಗತ್ತೆ, ಪ್ರಚಾರದ ಖರ್ಚು ಬಜೆಟ್‌ನಲ್ಲಿ ಸೇರಿರಲ್ಲ, ಹಾಗಾಗಿ ಥಿಯೇಟರ್ ಲೆಕ್ಕದಲ್ಲಿ ಗೆಲ್ಲಲಿಲ್ಲ. ಒಂದು ವಾರ ಮುಂಚೆ ಜಾನ್ ವಿಕ್‌ನ ನಾಲ್ಕನೇ ಭಾಗ, ಐದು ದಿನ ಆದ್ಮೇಲೆ ಸೂಪರ್ ಮಾರಿಯೋ, ಮಧ್ಯದಲ್ಲಿ ಇದು ಸಿಕ್ಕಿಹಾಕ್ಕೊಂಡಿತ್ತು. ನೋಡಿದವರು ಮಾತ್ರ ಇಷ್ಟಪಟ್ರು.

ಇದರ ಪಕ್ಕ ಇಟ್ಟು ನೋಡ್ಬೇಕಾದ್ದು ‘ದಿ ಲೆಜೆಂಡ್ ಆಫ್ ವಾಕ್ಸ್ ಮಾಕಿನಾ’. ಕ್ರಿಟಿಕಲ್ ರೋಲ್ ಅನ್ನೋ ತಂಡದವ್ರು, ಎಲ್ರೂ ಡಬ್ಬಿಂಗ್ ಕಲಾವಿದರು, ತಾವು ಆಡೋ ಆಟನ 2015ರಿಂದ ಲೈವ್ ತೋರಿಸ್ತಾ ಬಂದ್ರು. 2019ರಲ್ಲಿ ತಮ್ಮ ಕ್ಯಾಂಪೇನ್‌ನ (ಹಲವು ಸಲ ಕೂತು ಆಡೋ ಒಂದೇ ಉದ್ದ ಕಥೆನ) ಅನಿಮೇಷನ್ ಮಾಡ್ತೀವಿ, 7.5 ಲಕ್ಷ ಡಾಲರ್ ಬೇಕು ಅಂತ ಜನರಿಂದ ದುಡ್ಡು ಸೇರಿಸೋ ಕಿಕ್‌ಸ್ಟಾರ್ಟರ್ ಸೈಟ್‌ನಲ್ಲಿ ಕೇಳಿದ್ರೆ 1 ಕೋಟಿ 13 ಲಕ್ಷ ಡಾಲರ್ ಬಂತು, ಆಮೇಲೆ 2022ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಸರಣಿ ಬಂತು. ಇಲ್ಲಿ ಅಡಾಪ್ಟ್ ಮಾಡೋಕೆ ಒಂದು ಮೂಲ ಇತ್ತು, ನಿಜವಾಗಿ ಆಡಿದ ಆಟ, ನಿಜವಾಗಿ ಬಿದ್ದ ಡೈಸ್, ನೂರಾರು ಗಂಟೆ ರೆಕಾರ್ಡಿಂಗ್. ಹಾಗಾಗಿ ಅದರ ಫ್ಯಾನ್ಸ್ ಕಾದಂಬರಿ ಓದುಗರ ತರಾನೇ ವಾದ ಮಾಡ್ತಾರೆ, ಆ ಎಪಿಸೋಡ್‌ನಲ್ಲಿ ಹೀಗಿತ್ತು, ಇಲ್ಲಿ ಬದಲಾಯಿಸಿದ್ರು ಅಂತ. ಆನರ್ ಅಮಾಂಗ್ ಥೀವ್ಸ್‌ಗೆ ಅಂಥ ಮೂಲ ಇಲ್ಲ, ಯಾರೂ ಆಡದ ಒಂದು ಕ್ಯಾಂಪೇನ್‌ನ ಯಾರೋ ಆಡಿದ ಹಾಗೆ ಬರೀಬೇಕಿತ್ತು. ಎರಡರಲ್ಲಿ ಕಷ್ಟದ ಕೆಲಸ ಇದೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ಭಾಗ ಬಂದ್ರೆ ಹೇಗಿರ್ಬೇಕು ಅನ್ನೋ ಕಡೆ ಚರ್ಚೆ ಹೋದಾಗ್ಲೂ ಇದೇ ಬಿರುಕು ಕಾಣತ್ತೆ. ಎಡ್ಜಿನ್ ಹೋಲ್ಗಾ ಜೋಡಿನ ಬಿಡೋಕೆ ಮನಸ್ಸಿಲ್ಲದವರು ಅದೇ ಪಾರ್ಟಿ, ಅಂದ್ರೆ ಅದೇ ಪಾತ್ರಗಳ ತಂಡ ಬೇಕು ಅಂತಾರೆ, ಗಂಡ ಹೆಂಡತಿನೂ ಅಲ್ಲದೇ ಒಂದು ಮಗುನ ಸೇರಿ ಬೆಳೆಸಿದ ಆ ಇಬ್ಬರ ಸ್ನೇಹ ಅಷ್ಟು ಚೆನ್ನಾಗಿ ಬಂದಿದೆ, ನನಗೂ ಅವರನ್ನ ಮತ್ತೆ ನೋಡೋ ಆಸೆ ಇದೆ. ಟೇಬಲ್ ಅಭ್ಯಾಸದವರು ಮಾತ್ರ ಕ್ಯಾಂಪೇನ್ ಮುಗೀತು, ಹೊಸ ಪಾತ್ರ ಮಾಡ್ಕೊಂಡು ಬನ್ನಿ ಅಂತಾರೆ, ಹೊಸ ಕ್ಲಾಸ್, ಬೇರೆ ಊರು, ಬೇಕಾದ್ರೆ ಹಳೆ ಪಾರ್ಟಿಯವರು ಯಾವುದೋ ಹೋಟೆಲ್‌ನ ಮೂಲೇಲಿ ಕೂತಿರ್ಲಿ. ಆಯ್ಕೆ ಮಾಡ್ಲೇಬೇಕು ಅಂದ್ರೆ ನಾನು ಹೊಸ ಪಾರ್ಟಿ ಕಡೆ, ಅದರಲ್ಲಿ ಹಾಡಿ ಮಂತ್ರ ಹಾಕೋ ಒಬ್ಬ ಬಾರ್ಡ್ ಇರ್ಲೇಬೇಕು ಅನ್ನೋ ಷರತ್ತಿನ ಮೇಲೆ.